ಕೇಳುವವರಿಗೊಂದು ಕುರ್ಚಿ: ಜರ್ಸಿ ದ್ವೀಪದ ಪರಿಶೀಲನಾ ಮಂಡಳಿಗಳ ಇಪ್ಪತ್ತು ವರ್ಷ

ಹಾಲಿನ ಡೇರಿ ಇರುವ ಕರ್ನಾಟಕದ ಯಾವ ಊರಿನಲ್ಲಿ ಕೇಳಿದರೂ ಜರ್ಸಿ ಎಂದರೆ ಹಸು. ಆ ಹಸುವಿಗೆ ಹೆಸರು ಕೊಟ್ಟ ದ್ವೀಪ ಇರುವುದು ಇಂಗ್ಲಿಷ್ ಕಾಲುವೆಯಲ್ಲಿ, ಫ್ರಾನ್ಸಿನ ದಡದಿಂದ ಇಪ್ಪತ್ತೆರಡು ಕಿಲೋಮೀಟರ್ ದೂರದಲ್ಲಿ. ವಿಸ್ತೀರ್ಣ 118 ಚದರ ಕಿಲೋಮೀಟರ್, 2021ರ ಜನಗಣತಿಯಂತೆ ಜನಸಂಖ್ಯೆ 1,03,267. ನಮ್ಮಲ್ಲಾದರೆ ಒಂದು ದೊಡ್ಡ ತಾಲ್ಲೂಕು ಕೇಂದ್ರದಷ್ಟು ಜನ. ಇಷ್ಟು ಸಣ್ಣ ಜಾಗ 1789ರಲ್ಲಿ ಒಂದು ಕಾನೂನು ಮಾಡಿ ಹೊರಗಿನ ದನ ದ್ವೀಪಕ್ಕೆ ಕಾಲಿಡಬಾರದು ಎಂದಿತು. ಫ್ರಾನ್ಸಿನ ದನಗಳನ್ನು ತಂದು, ಜರ್ಸಿಯವೇ ಎಂದು ಹೇಳಿ ಇಂಗ್ಲೆಂಡಿಗೆ ಸುಂಕವಿಲ್ಲದೆ ಸಾಗಿಸುವ ದಂಧೆ ನಡೆಯುತ್ತಿತ್ತು. ಅದನ್ನು ತಡೆಯುವುದು ಉದ್ದೇಶ. ತಳಿ ಶುದ್ಧವಾಗಿ ಉಳಿದದ್ದು, ಲೋಕಪ್ರಸಿದ್ಧವಾದದ್ದು ಆಮೇಲಿನ ಮಾತು. ಹೊರಗಿನ ಹೋರಿಯ ವೀರ್ಯವನ್ನು ತರಿಸಬಹುದು ಎಂದು ಅಲ್ಲಿನ ಸದನ ಒಪ್ಪಿದ್ದು 2008ರಲ್ಲಿ, ಇನ್ನೂರ ಹತ್ತೊಂಬತ್ತು ವರ್ಷಗಳ ನಂತರ.

ತನ್ನ ಆರ್ಥಿಕ ನೀತಿಯನ್ನು ತಾನೇ ಮಾಡಿಕೊಳ್ಳುವ ಅಭ್ಯಾಸ ಈ ದ್ವೀಪಕ್ಕೆ ಎಷ್ಟು ಹಳೆಯದು ಎಂಬುದಕ್ಕೆ ಇದೊಂದು ನಿದರ್ಶನ ಸಾಕು. ಹಾಗೆ ಮಾಡುವವರನ್ನು ಕೂರಿಸಿಕೊಂಡು ಪ್ರಶ್ನೆ ಕೇಳುವ ಏರ್ಪಾಡು ಮಾತ್ರ ತೀರ ಹೊಸದು. ಜರ್ಸಿಯಲ್ಲಿ ಸಚಿವ ಸಂಪುಟವೂ ಅದನ್ನು ಪ್ರಶ್ನಿಸುವ ಪರಿಶೀಲನಾ ಮಂಡಳಿಗಳೂ ಒಟ್ಟಿಗೇ ಹುಟ್ಟಿದ್ದು 2005ರ ಡಿಸೆಂಬರ್‌ನಲ್ಲಿ. 2025ರ ಡಿಸೆಂಬರ್‌ಗೆ ಅವಕ್ಕೆ ಇಪ್ಪತ್ತು ತುಂಬಿತು.

ದ್ವೀಪದ ಸ್ಥಾನಮಾನವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. 1204ರಲ್ಲಿ ಇಂಗ್ಲೆಂಡಿನ ದೊರೆ ಜಾನ್ ನಾರ್ಮಂಡಿಯನ್ನು ಕಳೆದುಕೊಂಡಾಗ ಜರ್ಸಿ ದೊರೆಯ ಕಡೆಗೇ ಉಳಿಯಿತು. ಅಂದಿನಿಂದ ಅದು ದೊರೆಗೆ ಸೇರಿದ್ದು, ಬ್ರಿಟನ್ನಿಗೆ ಸೇರಿದ್ದಲ್ಲ. ರಕ್ಷಣೆ ಮತ್ತು ವಿದೇಶ ವ್ಯವಹಾರ ಲಂಡನ್ನಿನ ಹೊಣೆ. ತೆರಿಗೆ, ಕಾನೂನು, ಆಸ್ಪತ್ರೆ, ಶಾಲೆ ಎಲ್ಲ ದ್ವೀಪದ್ದೇ. ಸದನದ ಹೆಸರು ಸ್ಟೇಟ್ಸ್. ಅದರ ಅಧ್ಯಕ್ಷ ಪೀಠದಲ್ಲಿ ಕೂರುವವರು ಬೇಲಿಫ್, ದ್ವೀಪದ ಮುಖ್ಯ ನ್ಯಾಯಾಧೀಶರೂ ಅವರೇ. ಹನ್ನೆರಡು ಪ್ಯಾರಿಷ್‌ಗಳ ಮುಖ್ಯಸ್ಥರು, ಕಾನ್‌ಸ್ಟೆಬಲ್ ಎಂದು ಅವರ ಹೆಸರು, ಆ ಹುದ್ದೆಯ ಬಲದಿಂದಲೇ ಸದನದ ಸದಸ್ಯರು. ಸ್ಟೇಟ್ಸ್ ಮಾಡಿದ ಕಾನೂನಿಗೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ನ ಒಪ್ಪಿಗೆ ಬೇಕು.

ಆರ್ಥಿಕ ನೀತಿಯ ಮೇಲಿನ ಮೊದಲ ದೊಡ್ಡ ಪರಿಶೀಲನೆಯನ್ನು ನಡೆಸಿದ್ದು ಗುಂಪುಗೂಡಿದ ರೈತರು. ಹದಿನೆಂಟನೇ ಶತಮಾನದ ಜರ್ಸಿಯಲ್ಲಿ ಸಾಲ ಮತ್ತು ಭೂಮಿಯ ಋಣವನ್ನು ಗೋಧಿಯ ಅಳತೆಯಲ್ಲಿ ಬರೆದಿಡುತ್ತಿದ್ದರು. ಗೋಧಿಯ ಬೆಲೆ ಏರಿದರೆ ಕೊಡಬೇಕಾದವನ ಹೊರೆ ಏರುತ್ತಿತ್ತು, ಬರಬೇಕಾದವನ ಗಂಟು ದಪ್ಪವಾಗುತ್ತಿತ್ತು. ಬೆಲೆ ನಿಗದಿ ಮಾಡುತ್ತಿದ್ದದ್ದು ರಾಯಲ್ ಕೋರ್ಟ್. ಕೋರ್ಟಿನಲ್ಲಿ ಕೂತಿದ್ದವರಲ್ಲಿ ಅನೇಕರು ಹಾಗೆ ಗೋಧಿ ಬರಬೇಕಾದ ಮನೆತನಗಳವರೇ. ಬೇಲಿಫ್ ಹುದ್ದೆ ಕಾರ್ಟರೆ ವಂಶಕ್ಕೆ ಅಂಟಿಕೊಂಡಿತ್ತು, ಆದರೆ ಬೇಲಿಫ್ ಇಂಗ್ಲೆಂಡಿನಲ್ಲೇ ಇರುತ್ತಿದ್ದರು. ಇಲ್ಲಿ ನಿಜವಾದ ಅಧಿಕಾರ ಉಪ ಬೇಲಿಫ್ ಚಾರ್ಲ್ಸ್ ಲೆಂಪ್ರಿಯೆರ್ ಮತ್ತು ಅವರ ಮನೆಯವರ ಕೈಯಲ್ಲಿತ್ತು. ಕಾನೂನು ಮಾಡುವವರು, ತೀರ್ಪು ಕೊಡುವವರು, ಬೆಲೆ ಕಟ್ಟುವವರು, ಆ ಬೆಲೆಯಿಂದ ಲಾಭ ಪಡೆಯುವವರು ಎಲ್ಲರೂ ಒಂದೇ ಕೋಣೆಯಲ್ಲಿ.

1769ರ ಆಗಸ್ಟ್‌ನಲ್ಲಿ, ಈ ಬಾರಿ ಫಸಲು ಚೆನ್ನಾಗಿದೆ ಎಂಬ ನೆಪ ಹೇಳಿ ಗೋಧಿ ರಫ್ತಿನ ಮೇಲಿದ್ದ ನಿಷೇಧವನ್ನು ತೆಗೆದರು. ರಫ್ತಾದರೆ ದ್ವೀಪದಲ್ಲಿ ಗೋಧಿ ಕಡಿಮೆ, ಕಡಿಮೆಯಾದರೆ ಬೆಲೆ ಹೆಚ್ಚು. ಧಾನ್ಯ ತುಂಬಿ ಹೊರಟಿದ್ದ ಹಡಗೊಂದನ್ನು ಹೆಂಗಸರೇ ಹೋಗಿ ಅಡ್ಡಗಟ್ಟಿ, ಸರಕನ್ನು ಇಲ್ಲೇ ಮಾರಿ ಎಂದು ಪಟ್ಟು ಹಿಡಿದರು. ಸೆಪ್ಟೆಂಬರ್ 28ರಂದು ಟ್ರಿನಿಟಿ ಪ್ಯಾರಿಷ್‌ನಿಂದ ಹೊರಟ ಗುಂಪಿಗೆ ದಾರಿಯುದ್ದಕ್ಕೂ ಜನ ಸೇರಿಕೊಂಡರು. ಸುಮಾರು ಐನೂರು ಮಂದಿ ದೊಣ್ಣೆ ಹಿಡಿದು ಸೇಂಟ್ ಹೆಲಿಯರ್ ಪಟ್ಟಣದ ಕೋರ್ಟಿಗೆ ನುಗ್ಗಿ ತಮ್ಮ ಬೇಡಿಕೆಗಳನ್ನು ಕೋರ್ಟಿನ ಪುಸ್ತಕದಲ್ಲೇ ಬರೆಸಿದರು. ಆ ಪಟ್ಟಿಯನ್ನು ಇಂದು ನೋಡಿದರೆ ಬಜೆಟ್ ಪೂರ್ವಭಾವಿ ಸಭೆಗೆ ಕೊಟ್ಟ ಮನವಿಯಂತೆಯೇ ಇದೆ: ಗೋಧಿಯ ಬೆಲೆ ಇಳಿಸಬೇಕು, ಮಾರಾಟದ ಮೇಲಿನ ತೆರಿಗೆಗೆ ಮಿತಿ ಹಾಕಬೇಕು, ಜಮೀನುದಾರರು ಹನ್ನೆರಡು ಸಿವುಡಿಗೆ ಒಂದರಂತೆ ಎತ್ತುವುದು ನಿಲ್ಲಬೇಕು, ಪಾದ್ರಿಗಳು ಸೇಬಿನ ಹೊರತು ಬೇರೆ ಬೆಳೆಯಲ್ಲಿ ಪಾಲು ಕೇಳಕೂಡದು.

ಕೋರ್ಟಿನವರು ಸಮುದ್ರದ ನಡುವಿನ ಎಲಿಜ಼ಬೆತ್ ಕೋಟೆ ಸೇರಿಕೊಂಡು ಲಂಡನ್ನಿಗೆ ದೂರು ಕಳಿಸಿದರು. ಬಲವಂತದಿಂದ ಬರೆಸಿದ ಆ ಸಾಲುಗಳನ್ನು ಪುಸ್ತಕದಿಂದ ಹೊಡೆದುಹಾಕಿ ಎಂದು ಅಲ್ಲಿಂದ ಆದೇಶ ಬಂತು. ಸೈನ್ಯದೊಂದಿಗೆ ಕರ್ನಲ್ ಬೆಂಟಿಂಕ್ ಬಂದರು. ದಂಗೆ ಅಡಗಿಸಲು ಬಂದ ಈ ಅಧಿಕಾರಿ ವಿಚಾರಿಸಿ ನೋಡಿದಾಗ ಜನರ ದೂರಿನಲ್ಲಿ ಹುರುಳಿದೆ ಎಂದು ಕಂಡುಕೊಂಡರು. ಅದರ ಫಲವೇ 1771ರ ಸಂಹಿತೆ. ದ್ವೀಪದ ಕಾನೂನುಗಳು ಮೊದಲ ಬಾರಿಗೆ ಒಟ್ಟಾಗಿ ಅಚ್ಚಾದವು, ರಾಯಲ್ ಕೋರ್ಟು ತನ್ನಷ್ಟಕ್ಕೆ ಕಾನೂನು ಮಾಡುವ ಅಧಿಕಾರ ಹೋಯಿತು, ಶಾಸನದ ಕೆಲಸ ಸ್ಟೇಟ್ಸ್ ಸಭೆಯದಾಯಿತು. ಆದರೆ ಆ ಸಭೆಯಲ್ಲಿ ಕೂರುತ್ತಿದ್ದವರು ಮತ್ತೆ ಅದೇ ಜೀವಾವಧಿ ನ್ಯಾಯಾಧೀಶರು, ಪಾದ್ರಿಗಳು ಮತ್ತು ಕಾನ್‌ಸ್ಟೆಬಲ್‌ಗಳು. ಚುನಾಯಿತ ಡೆಪ್ಯುಟಿಗಳು ಬಂದದ್ದು 1850ರ ದಶಕದಲ್ಲಿ. ನ್ಯಾಯಾಧೀಶರೂ ಪ್ಯಾರಿಷ್ ಪಾದ್ರಿಗಳೂ ಸದನದಿಂದ ಹೊರಗೆ ಹೋಗಿದ್ದು 1948ರಲ್ಲಿ, ಐದು ವರ್ಷಗಳ ಜರ್ಮನ್ ಆಕ್ರಮಣ ಮುಗಿದ ಮೇಲೆ. ನಡುವಿನ ಶತಮಾನಗಳ ಕಥೆಯಲ್ಲಿ ಪರಿಶೀಲನೆ ಎನ್ನುವಂಥದ್ದು ಹೆಚ್ಚೇನೂ ಸಿಗುವುದಿಲ್ಲ.

ದುಡ್ಡಿನ ವಿಷಯದಲ್ಲಿ ಮಾತ್ರ ದ್ವೀಪ ಕೈಕಟ್ಟಿ ಕೂತಿರಲಿಲ್ಲ. 1928ರಲ್ಲಿ ಆದಾಯ ತೆರಿಗೆ ಬಂತು, 1940ರಲ್ಲಿ ಶೇ. 20ಕ್ಕೆ ನಿಂತ ದರ ಇಂದಿಗೂ ಅಲ್ಲೇ ಇದೆ. 1771ರ ಕಾಲದಿಂದ ಬಡ್ಡಿಗೆ ಶೇ. 5ರ ಮಿತಿ ಇತ್ತು. 1960ರ ದಶಕದ ಆರಂಭದಲ್ಲಿ ಅದನ್ನು ತೆಗೆದರು. ಬ್ಯಾಂಕುಗಳು ಬಂದವು, ಟ್ರಸ್ಟ್ ಕಂಪನಿಗಳು ಬಂದವು. ಆಲೂಗೆಡ್ಡೆ, ಟೊಮೆಟೊ, ಪ್ರವಾಸಿಗರು ಮತ್ತು ಹಾಲು ನಂಬಿದ್ದ ಊರು ಕೆಲವೇ ದಶಕಗಳಲ್ಲಿ ಹಣಕಾಸು ಕೇಂದ್ರವಾಯಿತು. ಈಗ ಅದರ ಆರ್ಥಿಕತೆಯ ಸುಮಾರು ಐದರಲ್ಲಿ ಎರಡು ಪಾಲು ಆ ಒಂದೇ ಕ್ಷೇತ್ರದ್ದು.

ಇಷ್ಟೆಲ್ಲ ನಡೆಯುವಾಗ ಆಡಳಿತ ಹೇಗಿತ್ತು? ಸಚಿವರಿರಲಿಲ್ಲ, ಪಕ್ಷಗಳೂ ಇಲ್ಲವೆನ್ನುವಷ್ಟು ಕಡಿಮೆ. ಸದನದ ಸದಸ್ಯರೇ ಹತ್ತಾರು ಸಮಿತಿಗಳಲ್ಲಿ ಹಂಚಿಕೊಂಡು ಇಲಾಖೆಗಳನ್ನು ನಡೆಸುತ್ತಿದ್ದರು. ಹಣಕಾಸಿಗೊಂದು, ಕೃಷಿಗೊಂದು, ಬಂದರಿಗೊಂದು. ಬಹುತೇಕ ಎಲ್ಲ ಸದಸ್ಯರೂ ಒಂದಲ್ಲ ಒಂದು ಸಮಿತಿಯಲ್ಲಿ ಇದ್ದದ್ದರಿಂದ ಎಲ್ಲರೂ ಸ್ವಲ್ಪ ಸ್ವಲ್ಪ ಸರ್ಕಾರವೇ ಆಗಿದ್ದರು. ನಿನ್ನ ಸಮಿತಿಯ ಮಸೂದೆಯನ್ನು ನಾನು ಕೆದಕಿದರೆ ನಾಳೆ ನನ್ನದನ್ನು ನೀನು ಕೆದಕುತ್ತೀಯ. ಈ ಸೌಜನ್ಯಕ್ಕೆ ಅದರದೇ ಆದ ಬೆಲೆಯಿತ್ತು.

ಅದು ಎಷ್ಟು ಎಂಬುದು 1996ರಲ್ಲಿ ಗೊತ್ತಾಯಿತು. ಬ್ರಿಟನ್ನಿನ ಎರಡು ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಗಳಿಗೆ ತಮ್ಮ ಪಾಲುದಾರರ ಹೊಣೆಗಾರಿಕೆಗೆ ಮಿತಿ ಹಾಕುವ ಕಾನೂನು ಬೇಕಿತ್ತು. ಲಂಡನ್ ಹಿಂದುಮುಂದು ನೋಡುತ್ತಿತ್ತು. ಸಂಸ್ಥೆಗಳ ಸಲಹೆಗಾರರೇ ಸಿದ್ಧಪಡಿಸಿದ ಕರಡು ಜರ್ಸಿಗೆ ಬಂತು, ತ್ವರಿತವಾಗಿ ಸದನದ ಮುಂದೆಯೂ ಬಂತು. ದ್ವೀಪದ ಸಾಮಾನ್ಯ ಜನಕ್ಕೆ ಇದರಿಂದ ಏನು ಸಿಗುತ್ತದೆ, ಏನು ಅಪಾಯ ಎಂದು ಸಾವಧಾನವಾಗಿ ಕೂತು ಪರಿಶೀಲಿಸುವ ಜಾಗವೇ ಇರಲಿಲ್ಲ. ಹಿರಿಯ ಸದಸ್ಯರೊಬ್ಬರಿಗೆ ಇದರಲ್ಲಿ ಹಿತಾಸಕ್ತಿಯ ಸಂಘರ್ಷವಿದೆ ಎಂದು ಸದನದಲ್ಲಿ ಹೇಳಿದ ಸೆನೆಟರ್ ಸ್ಟುವರ್ಟ್ ಸಿವ್ರೆ ಅಮಾನತಾದರು. ಕಾನೂನು ಪಾಸಾಯಿತು. ತಮಾಷೆಯೆಂದರೆ, 2000ದಲ್ಲಿ ಬ್ರಿಟನ್ನೇ ಅಂಥದ್ದೊಂದು ಕಾನೂನು ತಂದುಕೊಂಡಿತು. ಜರ್ಸಿಗೆ ಬಂದು ನೋಂದಾಯಿಸಿಕೊಳ್ಳುವ ಅಗತ್ಯವೇ ಆ ಸಂಸ್ಥೆಗಳಿಗೆ ಉಳಿಯಲಿಲ್ಲ. ಲಂಡನ್ನಿನ ಮೇಲೆ ಒತ್ತಡ ಹಾಕಲು ದ್ವೀಪವೊಂದು ದಾಳವಾಯಿತು ಎಂದು ಟೀಕಾಕಾರರು ಹೇಳಿದ್ದು ಸುಳ್ಳೆನ್ನುವುದು ಕಷ್ಟ. ನನ್ನ ದೃಷ್ಟಿಯಲ್ಲಿ ಮುಂದಿನ ಸುಧಾರಣೆಯ ಅಗತ್ಯವನ್ನು ಯಾವ ವರದಿಗಿಂತ ಚೆನ್ನಾಗಿ ಸಾರಿದ್ದು ಈ ಪ್ರಸಂಗ.

ಮಾಡಬೇಕಾದ ವರದಿಯನ್ನು ಮಾಡಿದವರು ಸರ್ ಸೆಸಿಲ್ ಕ್ಲೋಥಿಯರ್. ಬ್ರಿಟಿಷ್ ಸಂಸತ್ತಿನ ಓಂಬುಡ್ಸ್‌ಮನ್ ಆಗಿದ್ದವರು. ಅವರ ಸಮಿತಿ 2000ದ ಡಿಸೆಂಬರ್‌ನಲ್ಲಿ ಕೊಟ್ಟ ಶಿಫಾರಸಿನ ತಿರುಳು ಇಷ್ಟೇ: ಕೆಲವರು ಸಚಿವರಾಗಿ ಆಳಲಿ, ಉಳಿದವರು ಅವರನ್ನು ಪ್ರಶ್ನಿಸಲಿ. ಬೇಲಿಫ್ ಸದನದ ಅಧ್ಯಕ್ಷತೆ ಬಿಡಬೇಕು, ಕಾನ್‌ಸ್ಟೆಬಲ್‌ಗಳಿಗೆ ಹುದ್ದೆಯ ಬಲದ ಸದಸ್ಯತ್ವ ಬೇಡ ಎಂದೂ ಅದು ಹೇಳಿತ್ತು. ದ್ವೀಪ ತನಗೆ ರುಚಿಸಿದ್ದನ್ನು ಮಾತ್ರ ತೆಗೆದುಕೊಂಡಿತು. ಬೇಲಿಫ್ ಇನ್ನೂ ಪೀಠದಲ್ಲಿದ್ದಾರೆ. ಕಾನ್‌ಸ್ಟೆಬಲ್‌ಗಳು ಇರಲಿ ಎಂದು 2014ರ ಜನಮತಗಣನೆಯಲ್ಲಿ ಮತದಾರರೇ ಹೇಳಿದರು.

ಹೀಗೆ 2005ರ ಕಾನೂನಿನಿಂದ ಹೊಸ ವ್ಯವಸ್ಥೆ ಬಂತು. ಫ್ರ್ಯಾಂಕ್ ವಾಕರ್ ಮೊದಲ ಮುಖ್ಯಮಂತ್ರಿ. ಸಚಿವರು ಮತ್ತು ಸಹಾಯಕ ಸಚಿವರ ಒಟ್ಟು ಸಂಖ್ಯೆ ಸದನದಲ್ಲಿ ಬಹುಮತವಾಗುವಂತಿಲ್ಲ ಎಂಬ ಮಿತಿಯನ್ನು ಕಾನೂನಿನಲ್ಲೇ ಇಟ್ಟರು. ಉಳಿದವರಿಗಾಗಿ ಪರಿಶೀಲನಾ ಮಂಡಳಿಗಳು: ಖಜಾನೆ ಮತ್ತು ಮುಖ್ಯಮಂತ್ರಿಯ ಇಲಾಖೆಯನ್ನು ನೋಡಿಕೊಳ್ಳಲು ಒಂದು, ಆರ್ಥಿಕ ವ್ಯವಹಾರಗಳಿಗೆ ಮತ್ತೊಂದು, ಆರೋಗ್ಯ ಶಿಕ್ಷಣಗಳಿಗೆ ಬೇರೆಯವು. ಜೊತೆಗೆ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಮತ್ತು ಸ್ವತಂತ್ರ ಮಹಾಲೇಖಪಾಲರು. ನಮ್ಮ ಸಂಸತ್ತಿನಲ್ಲಿ 1967ರಿಂದ ಲೆಕ್ಕಪತ್ರ ಸಮಿತಿಯ ಅಧ್ಯಕ್ಷತೆ ವಿರೋಧ ಪಕ್ಷಕ್ಕೆ ಹೋಗುತ್ತದೆ. ಜರ್ಸಿಯಲ್ಲಿ ಅಧಿಕೃತ ವಿರೋಧ ಪಕ್ಷವೆಂಬುದು ಇಲ್ಲದ ಕಾರಣ ಸಚಿವರಲ್ಲದವರೊಬ್ಬರು ಅಧ್ಯಕ್ಷರು; ಸದನದ ಹೊರಗಿನ ನಾಗರಿಕರೂ ಆ ಸಮಿತಿಯಲ್ಲಿ ಕೂರುತ್ತಾರೆ. ಊರಲ್ಲಿ ಲೆಕ್ಕ ಬಲ್ಲ ಜನಕ್ಕೆ ಬರವಿಲ್ಲವಲ್ಲ.

ಮಂಡಳಿಯ ಕೆಲಸದ ರೀತಿ ಹೀಗೆ. ಮಸೂದೆಯ ಮೂಲತತ್ತ್ವಕ್ಕೆ ಸದನ ಒಪ್ಪಿಗೆ ಕೊಟ್ಟ ಕೂಡಲೇ ಆ ವಿಷಯದ ಮಂಡಳಿಯ ಅಧ್ಯಕ್ಷರನ್ನು ಪೀಠ ಕೇಳುತ್ತದೆ: ಇದನ್ನು ಪರಿಶೀಲನೆಗೆ ತೆಗೆದುಕೊಳ್ಳುತ್ತೀರಾ? ಹೌದೆಂದರೆ ಚರ್ಚೆ ಅಲ್ಲಿಗೆ ನಿಲ್ಲುತ್ತದೆ. ಮಂಡಳಿ ಸಚಿವರನ್ನು, ಅಧಿಕಾರಿಗಳನ್ನು, ವ್ಯಾಪಾರಿಗಳನ್ನು ಕರೆಸುತ್ತದೆ, ಬೇಕಾದರೆ ಹೊರಗಿನ ತಜ್ಞರನ್ನು ನೇಮಿಸಿಕೊಳ್ಳುತ್ತದೆ. ಸಾಕ್ಷಿಗಳನ್ನು, ಕಾಗದಪತ್ರಗಳನ್ನು ಹಾಜರುಪಡಿಸುವಂತೆ ಆದೇಶಿಸುವ ಅಧಿಕಾರ ಅದಕ್ಕಿದೆ. ವಿಚಾರಣೆ ಸಾಮಾನ್ಯವಾಗಿ ಬಹಿರಂಗ. ಆಡಿದ ಮಾತು ಮಾತಿನಂತೆಯೇ ಅಚ್ಚಾಗುತ್ತದೆ. ತಡೆಯುವ ಅಧಿಕಾರ ಮಾತ್ರ ಇಲ್ಲ. ವರದಿ ಬಂದ ಮೇಲೆ ಸಚಿವರು ಉತ್ತರ ಕೊಡಬೇಕು, ಒಪ್ಪಲೇಬೇಕೆಂದಿಲ್ಲ.

ಈ ವ್ಯವಸ್ಥೆಗೆ ಮೊದಲ ಕಠಿಣ ಪರೀಕ್ಷೆ ಬೇಗನೇ ಬಂತು. ಹೊರಗಿನವರ ಕಂಪನಿಗಳಿಗೆ ಒಂದು ದರ, ಸ್ಥಳೀಯರಿಗೆ ಇನ್ನೊಂದು ಎಂಬ ಜರ್ಸಿಯ ಪದ್ಧತಿಗೆ ಯುರೋಪಿಯನ್ ಒಕ್ಕೂಟ ಆಕ್ಷೇಪ ಎತ್ತಿತ್ತು. ದ್ವೀಪದ ಉತ್ತರ, ಸೊನ್ನೆ-ಹತ್ತು ಎಂದೇ ಹೆಸರಾದ ಯೋಜನೆ: ಸಾಮಾನ್ಯ ಕಂಪನಿಗಳಿಗೆ ಶೇ. 0, ಹಣಕಾಸು ಸಂಸ್ಥೆಗಳಿಗೆ ಶೇ. 10. ಇದರಿಂದ ವರ್ಷಕ್ಕೆ ಎಂಟರಿಂದ ಹತ್ತು ಕೋಟಿ ಪೌಂಡ್ ಖೋತಾ ಬೀಳಬಹುದೆಂದು ಅಂದಾಜಿತ್ತು. ಅದನ್ನು ತುಂಬಲು 2008ರ ಮೇ 6ರಂದು ಸರಕು ಮತ್ತು ಸೇವಾ ತೆರಿಗೆ ಬಂತು, ದರ ಶೇ. 3. ನಮ್ಮ ಜಿಎಸ್‌ಟಿಗಿಂತ ಒಂಬತ್ತು ವರ್ಷ ಮೊದಲು.

ಜಗಳ ಎದ್ದದ್ದು ದರದ ಬಗ್ಗೆಗಿಂತ ಹೆಚ್ಚಾಗಿ ಊಟದ ಬಗ್ಗೆ. ಬ್ರೆಡ್ಡು, ಹಾಲು, ತರಕಾರಿಗೆ ವಿನಾಯಿತಿ ಕೊಡಿ ಎಂದು ಸಾವಿರಾರು ಜನ ಅರ್ಜಿಗೆ ಸಹಿ ಹಾಕಿದರು. ಖಜಾನೆಯ ವಾದ ನಮಗೂ ಅಪರಿಚಿತವಲ್ಲ: ವಿನಾಯಿತಿ ಹೆಚ್ಚಿದಷ್ಟೂ ತೆರಿಗೆ ತೊಡಕಾಗುತ್ತದೆ, ವಸೂಲಿಯ ಖರ್ಚು ಏರುತ್ತದೆ, ಉಳಿದ ವಸ್ತುಗಳ ಮೇಲೆ ದರ ಏರಿಸಬೇಕಾಗುತ್ತದೆ, ಬಡವರಿಗೆ ನೇರವಾಗಿ ದುಡ್ಡು ಕೊಡುವುದೇ ಲೇಸು. ಈ ಕಂಪನಿ ತೆರಿಗೆಯನ್ನೂ ಹೊಸ ತೆರಿಗೆಯನ್ನೂ ಎಳೆಎಳೆಯಾಗಿ ಬಿಡಿಸಿ ನೋಡುವ ಕೆಲಸ ಮಂಡಳಿಯ ಪಾಲಿಗೆ ಬಂತು. ಸರ್ಕಾರ ಗೆದ್ದಿತು. 2011ರ ಜೂನ್‌ನಲ್ಲಿ ದರ ಶೇ. 5 ಆಯಿತು, ಊಟದ ಮೇಲಿನ ತೆರಿಗೆ ಇಂದಿಗೂ ಉಳಿದಿದೆ. ಹಾಗಾದರೆ ಪರಿಶೀಲನೆಯಿಂದ ಬಂದದ್ದೇನು ಎಂದು ಕೇಳಬಹುದು. 1769ರಲ್ಲಿ ಮಾರಾಟ ತೆರಿಗೆಯ ಮೇಲಿನ ದೂರನ್ನು ಪುಸ್ತಕದಿಂದ ಹೊಡೆದುಹಾಕಿದ್ದರು. ಈ ಬಾರಿ ಅಂಗಡಿಯವರು ಹೇಳಿದ್ದು, ಸಚಿವರು ಉತ್ತರಿಸಿದ್ದು, ಉತ್ತರಿಸದೆ ನುಣುಚಿಕೊಂಡದ್ದು ಎಲ್ಲ ದಾಖಲೆಯಲ್ಲಿ ಉಳಿಯಿತು. ಇದು ಸಣ್ಣ ಲಾಭವೆಂದು ನಾನು ಎಣಿಸುವುದಿಲ್ಲ.

ಅದೇ ಹೊತ್ತಿಗೆ ಇನ್ನೊಂದು ಜಾಣ ಕೆಲಸವನ್ನೂ ದ್ವೀಪ ಮಾಡಿತು. ಒಳ್ಳೆಯ ವರ್ಷದ ಹೆಚ್ಚುವರಿಯನ್ನು ಕೆಟ್ಟ ವರ್ಷಕ್ಕೆ ತೆಗೆದಿಡಲು 2006ರಲ್ಲಿ ಸ್ಥಿರತಾ ನಿಧಿ ಮಾಡಿತು. ಆ ನಿಧಿಗೆ ಯಾವಾಗ ತುಂಬಬೇಕು, ಯಾವಾಗ ಮುಟ್ಟಬಹುದು ಎಂದು ಸಲಹೆ ಕೊಡಲು ದ್ವೀಪದ ಹೊರಗಿನ ಮೂವರು ಅರ್ಥಶಾಸ್ತ್ರಜ್ಞರ ವಿತ್ತನೀತಿ ಮಂಡಳಿಯನ್ನು ನೇಮಿಸಿತು. ಬ್ಯಾಂಕ್ ಆಫ್ ಇಂಗ್ಲೆಂಡಿನ ಬಡ್ಡಿದರ ಸಮಿತಿಯಲ್ಲಿದ್ದ ಕೇಟ್ ಬಾರ್ಕರ್ ಮುಂದೆ ಅದರ ಅಧ್ಯಕ್ಷರಾದರು. 1986ರಲ್ಲೇ ಆರಂಭವಾಗಿದ್ದ ಕಾಯ್ದಿಟ್ಟ ನಿಧಿ ಬೇರೆ. ಅದನ್ನು ಮುಟ್ಟಲು ದೊಡ್ಡ ಉದ್ಯಮವೊಂದು ಕುಸಿಯಬೇಕು ಅಥವಾ ದೊಡ್ಡ ವಿಪತ್ತು ಬರಬೇಕು. 2008ರಲ್ಲಿ ಜಗತ್ತಿನ ಬ್ಯಾಂಕುಗಳು ಮಗುಚಿದಾಗ ಬ್ಯಾಂಕುಗಳನ್ನೇ ನಂಬಿದ ದ್ವೀಪಕ್ಕೆ ಈ ಸಿದ್ಧತೆ ಉಪಯೋಗಕ್ಕೆ ಬಂತು. 2009ರಲ್ಲಿ 4.4 ಕೋಟಿ ಪೌಂಡ್‌ಗಳ ಉತ್ತೇಜನ ಯೋಜನೆ ಸಾರಿದಾಗ ಖರ್ಚು ಸಕಾಲಕ್ಕೆ ಆಗಬೇಕು, ಅಗತ್ಯವಿದ್ದವರಿಗೇ ತಲುಪಬೇಕು, ತಾತ್ಕಾಲಿಕವಾಗಿರಬೇಕು ಎಂಬ ಮೂರು ಅಳತೆಗೋಲುಗಳನ್ನು ಮುಂದಿಟ್ಟರು. ಹೊರಗಿನವರು ಎಂಬುದೇ ಈ ಮೂವರ ಬಲ. ಅವರಿಗೆ ಅಲ್ಲಿ ಮತ ಕೇಳುವ ಹಂಗಿಲ್ಲ, ಭಾವ ಮೈದುನರಿಲ್ಲ.

ಹಣ ಕೊಡುವುದನ್ನು ನೋಡಿಕೊಳ್ಳುವುದಕ್ಕಿಂತ ಕೊಟ್ಟದ್ದು ಎಲ್ಲಿ ಹೋಯಿತೆಂದು ನೋಡುವುದರಲ್ಲಿ ಜರ್ಸಿಯ ವ್ಯವಸ್ಥೆ ಹೆಚ್ಚು ಚುರುಕು. ಹೊಸ ಉದ್ಯಮಗಳಿಗೆ ಸಾಲ ಕೊಡಲು 50 ಲಕ್ಷ ಪೌಂಡ್‌ಗಳ ನಾವೀನ್ಯ ನಿಧಿ ಬಂದಿತ್ತು. ಮಹಾಲೇಖಪಾಲರಾಗಿದ್ದ ಕ್ಯಾರನ್ ಮೆಕಾನಲ್ 2017ರ ಜನವರಿಯಲ್ಲಿ ಕೊಟ್ಟ ವರದಿ ಅದರ ನಿರ್ವಹಣೆಯ ಲೋಪಗಳನ್ನು ಒಂದೊಂದಾಗಿ ಬಿಡಿಸಿಟ್ಟಿತು. ಆ ಹೊಣೆ ಹೊತ್ತಿದ್ದ ಸಹಾಯಕ ಮುಖ್ಯಮಂತ್ರಿ ಹುದ್ದೆಯಿಂದ ಬದಿಗೆ ಸರಿದರು. ಮೊತ್ತ ದೊಡ್ಡದಲ್ಲ, ಆದರೆ ಲಕ್ಷ ಜನರ ಊರಿನಲ್ಲಿ ಅದು ಪ್ರತಿ ಮನೆಯ ಮಾತಾಯಿತು.

ಆಸ್ಪತ್ರೆಯ ಕಥೆ ಇದಕ್ಕೆ ತದ್ವಿರುದ್ಧ. ಓವರ್‌ಡೇಲ್‌ನಲ್ಲಿ ಹೊಸ ಆಸ್ಪತ್ರೆ ಕಟ್ಟಲು 80.45 ಕೋಟಿ ಪೌಂಡ್‌ಗಳಿಗೆ 2021ರ ಅಕ್ಟೋಬರ್‌ನಲ್ಲಿ ಸದನ ಒಪ್ಪಿತು. ತಲಾ ಲೆಕ್ಕ ಹಾಕಿದರೆ ಸುಮಾರು 7,800 ಪೌಂಡ್, ಹೆಚ್ಚಿನ ಪಾಲು ಸಾಲ. ಇದಕ್ಕಾಗಿಯೇ ಕೂತ ಪರಿಶೀಲನಾ ಮಂಡಳಿ ಪ್ರಶ್ನೆ ಮೇಲೆ ಪ್ರಶ್ನೆ ಹಾಕಿತ್ತು. 2022ರ ಚುನಾವಣೆಯ ನಂತರ ಬಂದ ಸರ್ಕಾರ ಆ ಯೋಜನೆಯನ್ನೇ ಕೈಬಿಟ್ಟಿತು, ಅಷ್ಟರಲ್ಲಿ ಖರ್ಚಾದದ್ದು ಖರ್ಚಾಗಿತ್ತು. ಪ್ರಶ್ನೆ ಕೇಳಿದವರು ಸರಿಯಾಗಿಯೇ ಕೇಳಿದ್ದರು. ಕೇಳಿಸಿಕೊಳ್ಳಬೇಕಾದವರ ಕೈಯಲ್ಲಿ ಆಗ ಮತಗಳಿದ್ದವು.

ಜನ ಕಡಿಮೆ ಎಂಬುದೇ ಈ ಸಂಸ್ಥೆಯ ನಿಜವಾದ ತೊಡಕು. ಈಗಿನ ಸದನದಲ್ಲಿ 49 ಮಂದಿ. ಸಚಿವರೂ ಸಹಾಯಕರೂ ಹೋದರೆ ಉಳಿದವರೇ ಎಲ್ಲ ಮಂಡಳಿಗಳನ್ನೂ ತುಂಬಬೇಕು; ಒಬ್ಬರಿಗೆ ಎರಡು ಮೂರು ಹೊಣೆ. ಬರುವ ವಾರ್ಷಿಕ ಬಜೆಟ್ ದಪ್ಪ ಪುಸ್ತಕ, ಓದಲು ಸಿಗುವುದು ಕೆಲವೇ ವಾರ. ಪ್ರಶ್ನಿಸುವವರು ಮತ್ತು ಆಳುವವರ ನಡುವಿನ ಗೆರೆಯೂ ತೆಳು. 2022ರಲ್ಲಿ ಹತ್ತು ಸ್ಥಾನ ಗೆದ್ದ ರಿಫಾರ್ಮ್ ಜರ್ಸಿ ಪಕ್ಷ ಸಚಿವರ ಎದುರು ಬದಿಯಲ್ಲಿ ಕೂತಿತ್ತು. 2024ರ ಜನವರಿಯಲ್ಲಿ ಮುಖ್ಯಮಂತ್ರಿ ಕ್ರಿಸ್ಟೀನಾ ಮೂರ್ ವಿರುದ್ಧದ ಅವಿಶ್ವಾಸ ನಿರ್ಣಯ 27–22 ಮತಗಳಿಂದ ಗೆದ್ದಿತು, ಲಿಂಡನ್ ಫಾರ್ನಮ್ ಮುಖ್ಯಮಂತ್ರಿಯಾದರು, ರಿಫಾರ್ಮ್ ಪಕ್ಷದ ನಾಯಕ ಸ್ಯಾಮ್ ಮೆಜೆಕ್ ವಸತಿ ಸಚಿವರಾದರು. ನಿನ್ನೆ ಕೇಳುತ್ತಿದ್ದವರು ಇಂದು ಉತ್ತರ ಕೊಡುವ ಕಡೆ. ಇದನ್ನು ಅವಕಾಶವಾದ ಎಂದು ತಳ್ಳಿಹಾಕುವುದು ಸುಲಭ. 49 ಜನರಲ್ಲಿ ಸರ್ಕಾರ ಕಟ್ಟುವುದಕ್ಕೆ ಬೇರೆ ದಾರಿಗಳು ಹೆಚ್ಚಿಲ್ಲ.

ಇಪ್ಪತ್ತು ವರ್ಷಗಳ ಕೊನೆಗೆ ನನ್ನ ತೂಕ ಹೀಗಿದೆ. ದೊಡ್ಡ ಆರ್ಥಿಕ ನಿರ್ಧಾರಗಳಲ್ಲಿ ಮಂಡಳಿಗಳು ಸರ್ಕಾರದ ದಿಕ್ಕನ್ನು ಬದಲಿಸಿದ್ದು ಅಪರೂಪ. ಮಸೂದೆಗಳ ಕರಡನ್ನು ತಿದ್ದಿಸಿದ್ದು, ಅಂಕಿಅಂಶ ಹೊರತೆಗೆಸಿದ್ದು, ಅವಸರಕ್ಕೆ ಕಡಿವಾಣ ಹಾಕಿದ್ದು ಹೆಚ್ಚು. 1996ರಂಥ ಕಾನೂನು ಇಂದು ಬಂದರೆ ಪಾಸಾಗಬಹುದು, ಆದರೆ ಅದನ್ನು ಬರೆದವರು ಯಾರು ಎಂಬ ಪ್ರಶ್ನೆಗೆ ಬಹಿರಂಗ ವಿಚಾರಣೆಯಲ್ಲಿ ಉತ್ತರ ಕೊಟ್ಟೇ ಪಾಸಾಗಬೇಕು. ಕೇಳಿದ ತಪ್ಪಿಗೆ ಒಬ್ಬ ಸದಸ್ಯರು ಹೊರಗೆ ಹೋಗಬೇಕಾಗಿಲ್ಲ, ಕೇಳುವುದೇ ಅವರ ಹುದ್ದೆ.

ನಮ್ಮ ಸಂಸದೀಯ ಸಮಿತಿಗಳು ಸಾಕ್ಷ್ಯ ಪಡೆಯುವುದು ಮುಚ್ಚಿದ ಬಾಗಿಲ ಹಿಂದೆ. ಹೊರಗೆ ಬರುವುದು ವರದಿ. ಜರ್ಸಿಯ ಮಂಡಳಿಗಳ ವಿಚಾರಣೆಯ ನಡಾವಳಿಗಳು, ವರದಿಗಳು, ಸಚಿವರ ಉತ್ತರಗಳು ಸ್ಟೇಟ್ಸ್ ಸಭೆಯ ಜಾಲತಾಣದಲ್ಲಿ ಯಾರಿಗೂ ಓದಲು ಸಿಗುತ್ತವೆ. ತೆರಿಗೆ, ಲೆಕ್ಕಪತ್ರ, ಶಾಸನಸಭೆ ಇವುಗಳಲ್ಲಿ ಆಸಕ್ತಿಯುಳ್ಳ ಓದುಗರು ಒಮ್ಮೆ ಅವನ್ನು ತೆರೆದು ನೋಡಬೇಕು. ಸರಕು ಸೇವಾ ತೆರಿಗೆಯ ವಿಚಾರಣೆಯಿಂದ ಆರಂಭಿಸಿದರೆ ಕನ್ನಡಿಗರಿಗೆ ದಾರಿ ಸುಲಭ.